ಕಲ್ಲಿನ ಬಣ್ಣ ಹಲ್ಲಿಗೆ ಹತ್ತಂಗಿಲ್ಲ

ಬಾದಾಮಿ ಅಗಸ್ತ್ಯತೀರ್ಥದ ದಂಡಿ ಮ್ಯಾಲ ಕೆಂಪು ಬಂಡಿಗಲ್ಲಿಗೆ ಹತ್ಕೊಂಡು ಒಂದು ಓತಿಕ್ಯಾತ ತೆಲಿ ಮ್ಯಾಲ-ಕೆಳಗ ಮಾಡಾಕತ್ತಿತ್ತು, ಹತ್ರ ಹೋಗೂತನಕ ಕಾಣಸಲೇ ಇಲ್ಲ. ನಮ್ಮ ಮಾವಾರು ಕಣ್ಣ ಸಣ್ಣ ಮಾಡಿ ನೋಡಿ "ಕಲ್ಲಿನ ಮ್ಯಾಲ ಇದ್ದು ಇದ್ದು ಅದಕ್ಕೂ ಕಲ್ಲಿನ ಬಣ್ಣ ಹತ್ತೇತಿ ನೋಡು" ಅಂದ್ರು. ನನಗ ಇದೊಂದು ಮಾತು ಕೇಳಿದ್ರ ಮೈ ಉರಿತೈತಿ. ಬೆಳಗಾವಿ ಕಡೆ ಮರಾಠಿ ಮಂದಿ ಬಿಳಿ ಎತ್ತಿನ ಮಗ್ಗಲಕ ಬ್ಯಾರೆ ಎತ್ತು ಕಟ್ಟಿದ್ರ ಬಣ್ಣ ಬರಂಗಿಲ್ಲ, ಗುಣ ಬರತೈತಿ ಅಂತಾರ, ಆ ಗಾದಿಗಿರೋವಷ್ಟು ವಿಜ್ಞಾನನೂ ನಮಗ ಬ್ಯಾಡೇನು!

ಗಂಡು ಓತಿಕ್ಯಾತ ಜಗಳಕ್ಕ ನಿಂತಾಗ, ಹೆಣ್ಣಿನ ಮುಂದ ಮೆರಿಯೂವಾಗ ಒಂದೆರಡು ನಿಮಿಷದಾಗ ಬಣ್ಣ ಬದಲಸತೈತಿ ಖರೇ. ಆದ್ರ ಅದು ಅವತ್ತಿಂದು ಅವತ್ತಿಗೇ ಮುಗೀತು, ಮರಿಗೆ ಹೋಗಂಗಿಲ್ಲ. ಮರಿಗೆ ಹೋಗೂ ಬಣ್ಣದ ಕಥಿನೇ ಬ್ಯಾರೆ.

ಅಮೆರಿಕಾದ ನ್ಯೂ ಮೆಕ್ಸಿಕೋದಾಗ ವೈಟ್ ಸ್ಯಾಂಡ್ಸ್ ಅಂತ ಮರಳಿನ ದಿಬ್ಬ ಅದಾವ. ಮರಳು ಅಂದ್ರ ನಮ್ಮ ರೈತರು ಸವಳು ಜಮೀನಿಗೆ ಹಾಕ್ತಾರಲ್ಲ, ಅದೇ ಜಿಪ್ಸಮ್, ಉಪ್ಪಿನಂಗ ಬೆಳ್ಳಗ. ದಿಬ್ಬ ಹುಟ್ಟಿ ಇನ್ನೂ 10,000 ವರ್ಷ ಸೈತ ಆಗಿಲ್ಲ, ಭೂಮಿ ಲೆಕ್ಕದಾಗ ಮೊನ್ನೆ ಮೊನ್ನೆ. ಸುತ್ತಲಿನ ಕಂದು ನೆಲದಾಗ ಮೂರು ಜಾತಿ ಕಂದು ಹಲ್ಲಿ ಅದಾವ, ದಿಬ್ಬದ ಮ್ಯಾಲ ಅದೇ ಮೂರೂ ಜಾತಿ ಬಿಳಚಿಕೊಂಡಾವ. ಎರಿಕಾ ರೋಸೆನ್‌ಬ್ಲಮ್ ಅನ್ನೂ ವಿಜ್ಞಾನಿ ಮತ್ತು ಅವರ ಸಂಗಡಿಗರು ಇವುಗಳ ಜೀನ್ (ಅವ್ವ-ಅಪ್ಪನಿಂದ ಮರಿಗೆ ಇಳಿಯೂ ಗುಣದ ಬರಹ) ಬಿಚ್ಚಿ ನೋಡಿ 2010ರಾಗ ಬರದದ್ದು ಓದಿದ ದಿನ ನನಗ ನಿದ್ದಿ ಹತ್ತಲಿಲ್ಲ.

ಚರ್ಮದಾಗ ಕಪ್ಪು ಬಣ್ಣ ತಯಾರ ಮಾಡೂ ಜೀವಕಣ ಇರತಾವ, ಆ ಬಣ್ಣಕ್ಕ ಮೆಲನಿನ್ ಅಂತಾರ. ಕಣದ ಗೋಡಿಯೊಳಗ ಎಂಸಿ1ಆರ್ ಅನ್ನೂ ಪ್ರೋಟೀನ್ ಕುಂತಿರತೈತಿ. ಇದನ್ನ ಬೋರಿನ ಸ್ಟಾರ್ಟರ್ ಅಂತ ತಿಳೀರಿ. ಹಾರ್ಮೋನ್ ಬಂದು ಬಟನ್ ಒತ್ತತೈತಿ, ಒಳಗ ಮೋಟಾರ್ ಗುರ್ ಅಂತೈತಿ, ನೀರು ಅಂದ್ರ ಕಪ್ಪು ಬಣ್ಣ ಬರತೈತಿ. ಸೆಲೊಪೊರಸ್ ಅನ್ನೂ ಹಲ್ಲಿಯೊಳಗ ಈ ಪ್ರೋಟೀನ್ ಕಟ್ಟೂ ಜೀನ್‌ನ ಒಂದೇ ಒಂದು ಅಕ್ಷರ ತಪ್ಪಿ, ಸ್ಟಾರ್ಟರ್ ಡಬ್ಬಿ ಗೋಡಿಗೆ ನೆಟ್ಟಗ ಕೂಡಂಗೇ ಇಲ್ಲ. ಚಾಟಿಯಂಥ ಬಾಲದ ಇನ್ನೊಂದು ಜಾತಿಯೊಳಗ ಡಬ್ಬಿ ಗೋಡಿಗೆ ಬರೋಬ್ಬರಿ ಕೂತೈತಿ, ಒತ್ತಿದ್ರ ಕರೆಂಟ್ ಮುಂದ ಸರಿಯಾಗಿ ದಾಟಂಗಿಲ್ಲ. ಮನಿ ಬೆಲ್ ಇದ್ದಂಗೂ ಅನ್ರಿ: ಒಬ್ಬರ ಮನ್ಯಾಗ ಬೆಲ್ ಗೋಡಿಯಿಂದ ಕಿತ್ತು ಜೋತಾಡತೈತಿ, ಇನ್ನೊಬ್ಬರಲ್ಲಿ ವೈರ್ ಸಡಲೈತಿ, ಹೊರಗ ನಿಂತ ಬೀಗರಿಗೆ ಎರಡೂ ಒಂದೇ, ಬಾಗಲಾ ತಗಿಯಾವ್ರಿಲ್ಲ. ಅದೇ ಜೀನ್, ಕೆಟ್ಟ ರೀತಿ ಮಾತ್ರ ಬ್ಯಾರೆ ಬ್ಯಾರೆ! (ಮೂರನೇ ಜಾತಿ ಬದಿಗಿರಲಿ.)

ಇನ್ನೊಂದು ಮಜಾ ಐತಿ. ಸೆಲೊಪೊರಸ್‌ದಾಗ ಈ ತಪ್ಪು ಡಾಮಿನೆಂಟ್, ಅವ್ವಂದು ಅಪ್ಪಂದು ಯಾರದಾರ ಒಂದು ಪ್ರತಿ ಬಂದ್ರ ಸಾಕು, ಮರಿ ಬೆಳ್ಳಗ. ಚಾಟಿಬಾಲದ್ದರಾಗ ರಿಸೆಸಿವ್, ಎರಡೂ ಕಡಿಂದ ಬರಬೇಕು. ಒಂದೇ ಇದ್ರ ಕಂದು ಚರ್ಮದ ಕೆಳಗ ಮುಚಗೊಂಡು ಕುಂದರತೈತಿ, ಹಕ್ಕಿಗೆ ಕಾಣೂದು ಬರೀ ಕಂದು. ಮೆಂಡೆಲ್ ಬಟಾಣಿ ಬಿತ್ತಿ ಇದೇ ಲೆಕ್ಕ 1865ರಾಗ ಹೇಳಿದ್ದ, ಮಂದಿ ಕಣ್ಣ ತಗದದ್ದು 1900ಕ್ಕ, ಅಷ್ಟೊತ್ತಿಗೆ ಅವ ಸತ್ತು 16 ವರ್ಷ ಆಗಿತ್ತು. ಫೈಲ್ ಮೂಲಿಗೆ ಬೀಳೂದು ನಮ್ಮ ಆಫೀಸಿನಾಗ ಅಷ್ಟ ಅಲ್ಲ ಬಿಡ್ರಿ.

ಅಂದ್ರ ಬಿಳಿ ಮರಳು ನೋಡಿ ನೋಡಿ ಹಲ್ಲಿ ಬೆಳ್ಳಗ ಆಗಲಿಲ್ಲ. ಜೀನ್ ನಕಲು ಇಳಸೂವಾಗ ಅಕ್ಷರ ತಪ್ಪತಾವ, ನೆಲದ ಬಣ್ಣ ಕೇಳಿ ತಪ್ಪಂಗಿಲ್ಲ. ದಿಬ್ಬದ ಮ್ಯಾಲ ಕಂದು ಹಲ್ಲಿ ಹಕ್ಕಿಗೆ ಮೊದಲ ಕಂಡಿತು, ಬಿಳಚಿದ್ದು ಉಳದು ತತ್ತಿ ಇಟ್ಟು ಮರಿ ಮಾಡಿತು. ಅದೇ ತಪ್ಪು ವಿಜಯಪುರದ ಎರಿ ಹೊಲದಾಗ ಒಂದು ಹಲ್ಲಿಗೆ ಆಗಿದ್ರ ಸಂಜಿ ಆಗೂದ್ರಾಗ ಹಕ್ಕಿ ಹೊಟ್ಟ್ಯಾಗ ಇರತಿತ್ತು.

ಇಷ್ಟೆಲ್ಲಾ ಬಸ್‌ಸ್ಟ್ಯಾಂಡ್ ಹತ್ರ ಗಿರಮಿಟ್ ತಿನಕೋತ ಮಾವಾರಿಗೆ ಹೇಳಿ ಮುಗಿಸಿದೆ. ಅವರು ಹೂಂ ಅನಲಿಲ್ಲ, ಊಹೂಂ ಅನಲಿಲ್ಲ. ಅಷ್ಟ್ರಾಗ ಟ್ಯೂಬ್‌ಲೈಟ್ ಹಿಂದಿಂದ ಒಂದು ಹಲ್ಲಿ ಲೊಚ್ ಲೊಚ್ ಅಂತು. ಮಾವಾರು ಬೆರಳಿಲೆ ಟೇಬಲ್ ಮ್ಯಾಲ ಮೂರು ಸಲ ಟಕ್ ಟಕ್ ಬಡದು "ಕೃಷ್ಣ ಕೃಷ್ಣ, ಹಲ್ಲಿ ನುಡೀತು, ಹಂಗಾದ್ರ ನೀ ಹೇಳಿದ್ದು ಖರೇನ ಇರಬೇಕು" ಅಂದ್ರು.