28-3 ಇದ್ದೂ ಸೋಲೋದು ಹೇಗೆ? ದೊಡ್ಡ ಮುನ್ನಡೆ ಕಾಯುವ ಆಟದ ಹಿನ್ನೆಲೆ

2017ರ ಫೆಬ್ರವರಿ 5, ಹ್ಯೂಸ್ಟನ್. ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್ ಪಂದ್ಯ. ಮೂರನೇ ಕ್ವಾರ್ಟರ್‌ನಲ್ಲಿ ಇನ್ನೂ ಎಂಟೂವರೆ ನಿಮಿಷ ಬಾಕಿ ಇತ್ತು. ಅಟ್ಲಾಂಟಾ ಫಾಲ್ಕನ್ಸ್ ಮತ್ತೊಂದು ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆ ದಾಟಿ ಚೆಂಡು ಒಯ್ಯುವುದು) ಹೊಡೆದು 28-3ಕ್ಕೆ ಏರಿತು. ಎದುರಿಗಿದ್ದದ್ದು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್. ಅಲ್ಲಿಯವರೆಗೆ ಸೂಪರ್ ಬೌಲ್‌ನಲ್ಲಿ 10 ಅಂಕಕ್ಕಿಂತ ಜಾಸ್ತಿ ಹಿಂದೆ ಬಿದ್ದು ಗೆದ್ದ ತಂಡ ಒಂದೂ ಇರಲಿಲ್ಲ. ಆದರೆ ಆ ರಾತ್ರಿ ಪೇಟ್ರಿಯಟ್ಸ್ ಹೆಚ್ಚುವರಿ ಸಮಯದಲ್ಲಿ 34-28ರಿಂದ ಗೆದ್ದಿತು. ಸೂಪರ್ ಬೌಲ್ ಹೆಚ್ಚುವರಿ ಸಮಯಕ್ಕೆ ಹೋಗಿದ್ದೂ ಅದೇ ಮೊದಲು.

ಫಾಲ್ಕನ್ಸ್‌ನ ಡಿಫೆನ್ಸ್ ಸುಸ್ತಾಗಿತ್ತು, ಪೇಟ್ರಿಯಟ್ಸ್‌ನ ಟಾಮ್ ಬ್ರೇಡಿ ಅದ್ಭುತವಾಗಿ ಆಡಿದರು. ಎರಡೂ ನಿಜ. ಆದರೆ ಪಂದ್ಯ ಕೈಬಿಟ್ಟಿದ್ದು ಚೆಂಡು ಫಾಲ್ಕನ್ಸ್ ಕೈಯಲ್ಲಿದ್ದಾಗ. ಇಷ್ಟು ದೊಡ್ಡ ಮುನ್ನಡೆ ಇದ್ದಾಗ ಚೆಂಡು ಹಿಡಿದ ತಂಡ ಏನು ಮಾಡಬೇಕು? ಮೊದಲಿನ ಹಾಗೇ ನುಗ್ಗಬೇಕಾ, ಸುಮ್ನೆ ಸಮಯ ಕಳೆಯಬೇಕಾ? ಈ ವಾದ ಅಂದು ಹುಟ್ಟಿದ್ದಲ್ಲ. ಕೋಚ್‌ಗಳು ಇದರ ಬಗ್ಗೆ ದಶಕಗಳಿಂದ ತಲೆ ಕೆಡಿಸಿಕೊಂಡಿದ್ದಾರೆ.

ಮೊದಲು ಗಡಿಯಾರದ ವಿಷಯ. ಈ ಆಟದಲ್ಲಿ 15 ನಿಮಿಷದ ನಾಲ್ಕು ಕ್ವಾರ್ಟರ್. ಚೆಂಡು ಹಿಡಿದ ತಂಡಕ್ಕೆ 10 ಯಾರ್ಡ್ ಮುಂದೆ ಹೋಗಲು ನಾಲ್ಕು ಯತ್ನ. 10 ಯಾರ್ಡ್ ಸಿಕ್ಕರೆ ಮತ್ತೆ ನಾಲ್ಕು. ಚೆಂಡು ಹಿಡಿದು ಓಡಿದವನು ಮೈದಾನದ ಒಳಗೇ ಬಿದ್ದರೆ ಗಡಿಯಾರ ಓಡುತ್ತಲೇ ಇರುತ್ತದೆ. ಎಸೆದ ಪಾಸ್ ಯಾರ ಕೈಗೂ ಸಿಗದೆ ನೆಲಕ್ಕೆ ಬಿದ್ದರೆ ನಿಲ್ಲುತ್ತದೆ. ಒಂದು ಯತ್ನ ಮುಗಿದ ಮೇಲೆ ಇನ್ನೊಂದು ಶುರು ಮಾಡಲು 40 ಸೆಕೆಂಡ್ ಸಿಗುತ್ತದೆ. ಗಡಿಯಾರ ನಿಲ್ಲಿಸಲು ಎದುರಾಳಿ ಹತ್ತಿರ ಒಂದು ಅರ್ಧಕ್ಕೆ ಮೂರೇ ಟೈಮ್‌ಔಟ್. ಅವು ಮುಗಿದಿದ್ದರೆ ಮುಂದಿರುವ ತಂಡ ಮೂರು ಸಲ ಓಡಿ ಬಿದ್ದರೂ ಸಾಕು, ಒಂದು ಅಂಕ ಗಳಿಸದೆಯೇ ಎರಡು ನಿಮಿಷ ನುಂಗಿಬಿಡಬಹುದು.

ಕಬಡ್ಡಿ ನೋಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಮುನ್ನಡೆಯಲ್ಲಿರುವ ತಂಡದ ರೇಡರ್ ಕೊನೆಯ ನಿಮಿಷಗಳಲ್ಲಿ ಯಾರನ್ನೂ ಮುಟ್ಟಲು ಹೋಗುವುದಿಲ್ಲ. 30 ಸೆಕೆಂಡ್ ಅತ್ತಿತ್ತ ಆಡಿ ಖಾಲಿ ಕೈಯಲ್ಲಿ ವಾಪಸ್ ಬರುತ್ತಾನೆ. ಅದಕ್ಕೇ ಪ್ರೊ ಕಬಡ್ಡಿಯಲ್ಲಿ ಎರಡು ಖಾಲಿ ರೇಡ್ ಆದಮೇಲೆ ಮೂರನೆಯದನ್ನು ‘ಡು ಆರ್ ಡೈ’ ಮಾಡಿದ್ದಾರೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆ ಕೆಲಸ ಮಾಡೋದು ನಾಲ್ಕು ಯತ್ನದಲ್ಲಿ 10 ಯಾರ್ಡ್ ಎಂಬ ನಿಯಮ. ಬರೀ ಸಮಯ ಕಳೆಯಲು ಹೊರಟರೆ 10 ಯಾರ್ಡ್ ಸಿಗುವುದಿಲ್ಲ, ಚೆಂಡು ಎದುರಾಳಿಗೆ ಹೋಗುತ್ತದೆ. 10 ಯಾರ್ಡ್‌ಗೆ ಪಾಸ್ ಎಸೆದರೆ ಗಡಿಯಾರ ನಿಲ್ಲುವ ಭಯ. ಇಡೀ ಜಗಳ ಇರೋದು ಈ ಎರಡರ ನಡುವೆ.

ಕೊನೆಯ ಕ್ಷಣಗಳಲ್ಲಿ ಇದಕ್ಕೆ ಸುಲಭದ ಉತ್ತರ ಉಂಟು. ಕ್ವಾರ್ಟರ್‌ಬ್ಯಾಕ್ (ಪ್ರತಿ ಯತ್ನದಲ್ಲೂ ಮೊದಲು ಚೆಂಡು ಪಡೆದು ಪಾಸ್ ಎಸೆಯುವವನು) ಚೆಂಡು ತೆಗೆದುಕೊಂಡು ಮಂಡಿಯೂರಿದರೆ ಆಯಿತು, ಆ ಯತ್ನ ಮುಗಿಯಿತು, ಗಡಿಯಾರ ಓಡುತ್ತದೆ. ಈಗ ಎಲ್ಲರೂ ಇದನ್ನೇ ಮಾಡುತ್ತಾರೆ. ಒಂದು ಕಾಲಕ್ಕೆ ಇದನ್ನು ಹೇಡಿತನ ಅಂತ ನೋಡುತ್ತಿದ್ದರು. ಆ ನೋಟ ಬದಲಾಗಿದ್ದು 1978ರ ನವೆಂಬರ್ 19ರಂದು, ನ್ಯೂಜೆರ್ಸಿಯಲ್ಲಿ.

ಅಂದು ನ್ಯೂಯಾರ್ಕ್ ಜೈಂಟ್ಸ್ 17-12ರಿಂದ ಫಿಲಡೆಲ್ಫಿಯಾ ಈಗಲ್ಸ್‌ಗಿಂತ ಮುಂದಿತ್ತು. ಮೂರನೇ ಯತ್ನ, ಉಳಿದದ್ದು 31 ಸೆಕೆಂಡ್. ಈಗಲ್ಸ್ ಬಳಿ ಒಂದೂ ಟೈಮ್‌ಔಟ್ ಇರಲಿಲ್ಲ. ಕ್ವಾರ್ಟರ್‌ಬ್ಯಾಕ್ ಜೋ ಪಿಸಾರ್ಸಿಕ್ ಮಂಡಿಯೂರಿದ್ದರೆ ಎಲ್ಲರೂ ಮನೆಗೆ ಹೋಗಬಹುದಿತ್ತು. ಆದರೆ ಅಫೆನ್ಸ್ (ಚೆಂಡು ಹಿಡಿದು ದಾಳಿ ಮಾಡುವ ಪಡೆ) ಕೋಚ್ ಬಾಬ್ ಗಿಬ್ಸನ್ ಓಟದ ಆಟಕ್ಕೆ ಹೇಳಿ ಕಳಿಸಿದರು. ಲ್ಯಾರಿ ಸೋಂಕಾಗೆ ಚೆಂಡು ಕೊಡು, ಅವರು ಓಡಲಿ ಅಂತ. ಜೊತೆಯ ಆಟಗಾರರಿಗೆ ಇದು ಇಷ್ಟವಿರಲಿಲ್ಲ. ಆದರೆ ಪಿಸಾರ್ಸಿಕ್ ಹಿಂದೊಮ್ಮೆ ಕೋಚ್ ಹೇಳಿದ ಆಟ ಬದಲಾಯಿಸಿ ಬೈಸಿಕೊಂಡಿದ್ದರು. ಈ ಸಲ ಎದುರಾಡಲು ಧೈರ್ಯ ಬರಲಿಲ್ಲ. ಚೆಂಡು ಅವರ ಕೈಗೆ ಸರಿಯಾಗಿ ಕೂರಲಿಲ್ಲ. ತಿರುಗಿ ಕೊಡುವಾಗ ಸೋಂಕಾ ಸೊಂಟಕ್ಕೆ ತಾಗಿ ನೆಲಕ್ಕೆ ಬಿತ್ತು. ಪುಟಿದ ಚೆಂಡು ಈಗಲ್ಸ್‌ನ ಹರ್ಮನ್ ಎಡ್ವರ್ಡ್ಸ್ ಕೈಗೆ ನೇರವಾಗಿ ಬಂತು. 26 ಯಾರ್ಡ್ ಓಡಿ ಟಚ್‌ಡೌನ್. ಈಗಲ್ಸ್ 19-17. ಗಿಬ್ಸನ್ ಮರುದಿನವೇ ಕೆಲಸ ಕಳೆದುಕೊಂಡರು.

ಆಮೇಲೆ ತಂಡಗಳು ಮಂಡಿಯೂರುವುದಕ್ಕೇ ಒಂದು ವ್ಯೂಹ ಮಾಡಿಕೊಂಡವು. ಕ್ವಾರ್ಟರ್‌ಬ್ಯಾಕ್‌ನ ಎಡಬಲಕ್ಕೆ ಒಬ್ಬೊಬ್ಬ ಆಟಗಾರ ಅಂಟಿಕೊಂಡು ನಿಲ್ಲುತ್ತಾನೆ. ಇನ್ನೊಬ್ಬ ದೂರ ಹಿಂದೆ ಇರುತ್ತಾನೆ. ಚೆಂಡು ಜಾರಿ ಎದುರಾಳಿಗೆ ಸಿಕ್ಕರೆ ಅವನನ್ನು ತಡೆಯೋದಷ್ಟೇ ಈ ಹಿಂದಿನವನ ಕೆಲಸ. ಇದಕ್ಕೆ ‘ವಿಕ್ಟರಿ ಫಾರ್ಮೇಶನ್’ ಅನ್ನುವ ಹೆಸರು ಬಂತು.

ಆದರೆ ಮಂಡಿಯೂರಿ ಕಳೆಯಬಹುದಾದದ್ದು ಕೊನೆಯ ಎರಡು ನಿಮಿಷ ಮಾತ್ರ. ಅದಕ್ಕೂ ಮುಂಚಿನ ಕಾಲಕ್ಕೆ ಕೋಚ್‌ಗಳು ‘ನಾಲ್ಕು ನಿಮಿಷದ ಅಫೆನ್ಸ್’ ಅಂತ ಒಂದನ್ನು ಅಭ್ಯಾಸ ಮಾಡಿಸುತ್ತಾರೆ. ಓಟ ಜಾಸ್ತಿ, ಮೈದಾನದ ಒಳಗೇ ಬೀಳಬೇಕು, 40 ಸೆಕೆಂಡ್‌ನಲ್ಲಿ ಕೊನೆಯ ಒಂದೆರಡು ಉಳಿದಾಗಲೇ ಚೆಂಡು ಎತ್ತಬೇಕು. ನೋಡೋರಿಗೆ ಬೋರು, ಎದುರಾಳಿಗೆ ನರಕ.

ಈ ಸಲಕರಣೆಯೇ ಇಲ್ಲದ ತಂಡದ ಗತಿ ಏನಾಗುತ್ತದೆ ಅಂತ 1993ರ ಜನವರಿ 3ರಂದು ಗೊತ್ತಾಯಿತು. ಹ್ಯೂಸ್ಟನ್ ಆಯ್ಲರ್ಸ್ ಪ್ಲೇಆಫ್‌ನಲ್ಲಿ ಬಫಲೋ ಬಿಲ್ಸ್ ಎದುರು 35-3ರಿಂದ ಮುಂದಿತ್ತು. ಆಯ್ಲರ್ಸ್ ಆಡುತ್ತಿದ್ದದ್ದು ‘ರನ್ ಅಂಡ್ ಶೂಟ್’. ಹೆಸರಿನಲ್ಲಿ ರನ್ ಇದ್ದರೂ ಇದು ಪಾಸ್ ಆಟವೇ. ಪಾಸ್ ಹಿಡಿಯುವ ನಾಲ್ವರು ರಿಸೀವರ್‌ಗಳು, ಹಿಂದೆ ಓಡುವವನು ಒಬ್ಬನೇ, ದಾರಿ ಮಾಡಿಕೊಡುವ ದಪ್ಪ ಆಳುಗಳು ಕಡಿಮೆ. ವಾರನ್ ಮೂನ್ ಅಂದು 36 ಪಾಸ್ ಮುಟ್ಟಿಸಿದರು, 371 ಯಾರ್ಡ್, ನಾಲ್ಕು ಟಚ್‌ಡೌನ್. ಆದರೂ ಎರಡನೇ ಅರ್ಧದಲ್ಲಿ ಸಮಯ ತಿನ್ನಲು ಆ ತಂಡಕ್ಕೆ ಬರಲಿಲ್ಲ. ಆ ಕಡೆ ಗಾಯಗೊಂಡ ಜಿಮ್ ಕೆಲ್ಲಿ ಬದಲು ಆಡಿದ ಫ್ರಾಂಕ್ ರೈಕ್ 32 ಅಂಕ ಹಿಂದಿದ್ದ ಬಿಲ್ಸ್‌ಗೆ ಹೆಚ್ಚುವರಿ ಸಮಯದಲ್ಲಿ 41-38ರ ಗೆಲುವು ತಂದುಕೊಟ್ಟರು.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ಈ ವಿಷಯದಲ್ಲಿ ಜನ ಜಾಸ್ತಿ ಗಮನಿಸದೇ ಇರೋದು ಇದನ್ನೇ. ಮುನ್ನಡೆಯನ್ನು ಅಂಕದಲ್ಲಿ ಎಣಿಸಬಾರದು. ಎದುರಾಳಿಗೆ ಎಷ್ಟು ಸಲ ಚೆಂಡು ಬೇಕು ಅಂತ ಎಣಿಸಬೇಕು. ಟಚ್‌ಡೌನ್‌ಗೆ 6, ಅದರ ಮೇಲೆ ಒದೆತಕ್ಕೆ 1. ಒಂದು ಸಲಕ್ಕೆ ಹೆಚ್ಚೆಂದರೆ 7 ಅಂಕ. ಹಾಗಿದ್ದಾಗ 16 ಅಂಕದ ಮುನ್ನಡೆ ಅಂದರೆ ಎದುರಾಳಿ ಮೂರು ಸಲ ಅಂಕ ಗಳಿಸಬೇಕು. 1994ರಲ್ಲಿ ಈ ಆಟದ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ನಿಯಮ ಬದಲಾಯಿಸಿತು. ಟಚ್‌ಡೌನ್ ಆದಮೇಲೆ ಒದೆಯುವ ಬದಲು ಇನ್ನೊಮ್ಮೆ ಓಡಿಯೋ ಎಸೆದೋ ಗೆರೆ ದಾಟಿದರೆ 2 ಅಂಕ. ಒಂದು ಸಲಕ್ಕೆ ಈಗ 8 ಸಿಗಬಹುದು. ಅದೇ 16 ಅಂಕ ಎರಡೇ ಸಲಕ್ಕೆ ಕರಗಿಹೋಗಬಹುದು. ಮುನ್ನಡೆಯ ಅಂಕಿ ಹಾಗೇ ಇದೆ, ತೂಕ ಮಾತ್ರ ಕಡಿಮೆಯಾಯಿತು. ಹಳೆಯ ಕಾಲದ ‘ಇಷ್ಟಿದ್ದರೆ ಸಾಕು’ ಎಂಬ ಅಂದಾಜು ಅಲ್ಲಿಗೇ ಕೆಟ್ಟಿತು. 2017ರಲ್ಲಿ ಪೇಟ್ರಿಯಟ್ಸ್ 28-12ರಿಂದ 28-28ಕ್ಕೆ ಬಂದದ್ದು ಹೀಗೇ. ಎರಡು ಟಚ್‌ಡೌನ್, ಎರಡಕ್ಕೂ ಎರಡೆರಡು ಅಂಕ.

ಹಾಗಂತ ಹೆದರಿ ಕೂತರೆ ಆಗುತ್ತಾ? 2015ರ ಜನವರಿ 18ರಂದು ಗ್ರೀನ್ ಬೇ ಪ್ಯಾಕರ್ಸ್ ಕೂತು ನೋಡಿತು. ಸಿಯಾಟಲ್ ಎದುರು 19-7, ಐದು ನಿಮಿಷ ಬಾಕಿ. ಪ್ಯಾಕರ್ಸ್‌ನ ಮಾರ್ಗನ್ ಬರ್ನೆಟ್ ಎದುರಾಳಿಯ ಪಾಸ್ ಕಸಿದರು. ಮುಂದೆ ಓಡಲು ಜಾಗ ಇತ್ತು. ಆದರೆ ಚೆಂಡು ಭದ್ರವಾಗಿರಲಿ ಅಂತ ಜಾರಿ ಕೂತರು. ಆಮೇಲೆ ಪ್ಯಾಕರ್ಸ್ ಮೂರು ಸಲ ಓಡಿ, ಹಿಂದಕ್ಕೇ ಹೋಗಿ, ನಾಲ್ಕನೇ ಯತ್ನದಲ್ಲಿ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಕೊಟ್ಟರು. ಸಿಯಾಟಲ್ ಹೆಚ್ಚುವರಿ ಸಮಯದಲ್ಲಿ 28-22ರಿಂದ ಗೆದ್ದಿತು. ಅದೇ ಪಂದ್ಯದ ಶುರುವಿನಲ್ಲಿ ಗೆರೆಯ ಹತ್ತಿರವೇ ನಿಂತು ಎರಡು ಸಲ ಫೀಲ್ಡ್ ಗೋಲ್‌ಗೆ, ಅಂದರೆ ಕಂಬಗಳ ನಡುವೆ ಚೆಂಡು ಒದ್ದು ಸಿಗುವ 3 ಅಂಕಕ್ಕೆ, ತೃಪ್ತಿಪಟ್ಟಿದ್ದರು. ನನ್ನ ಪ್ರಕಾರ ಆ ಪಂದ್ಯ ಸೋತದ್ದು ಅಲ್ಲಿಂದಲೇ.

ಇದಕ್ಕೆ ತೀರಾ ವಿರುದ್ಧ ನಡೆದುಕೊಂಡವರು ಪೇಟ್ರಿಯಟ್ಸ್ ಕೋಚ್ ಬಿಲ್ ಬೆಲಿಚಿಕ್. 2009ರ ನವೆಂಬರ್ 15, ಇಂಡಿಯಾನಾಪೊಲಿಸ್. ನಾಲ್ಕನೇ ಕ್ವಾರ್ಟರ್‌ನಲ್ಲಿ 31-14 ಇದ್ದ ಮುನ್ನಡೆ 34-28ಕ್ಕೆ ಇಳಿದಿತ್ತು. ಎರಡು ನಿಮಿಷ ಚಿಲ್ಲರೆ ಬಾಕಿ. ತಮ್ಮದೇ 28 ಯಾರ್ಡ್ ಗೆರೆ, ನಾಲ್ಕನೇ ಯತ್ನ, ಬೇಕಾದದ್ದು 2 ಯಾರ್ಡ್. ಅಲ್ಲಿ ಎಲ್ಲರೂ ಚೆಂಡು ಒದ್ದುಕೊಡುತ್ತಾರೆ. ಬೆಲಿಚಿಕ್ ಆಡಲು ಹೇಳಿದರು. ಕೆವಿನ್ ಫಾಕ್ ಚೆಂಡು ಹಿಡಿದರು, ಆದರೆ ಗೆರೆಗೆ ಸ್ವಲ್ಪದರಲ್ಲಿ ಕಡಿಮೆ ಬಿತ್ತು. ಎದುರಾಳಿ ಕೋಲ್ಟ್ಸ್‌ನ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಅಷ್ಟು ಹತ್ತಿರದಿಂದ ಟಚ್‌ಡೌನ್ ಬಿಡುತ್ತಾರಾ? ಕೋಲ್ಟ್ಸ್ 35-34. ಬೆಲಿಚಿಕ್‌ಗೆ ಬೈಗುಳದ ಮಳೆ. ನಾನಂತೂ ಇಂದಿಗೂ ಅವರ ಪರ. ಮ್ಯಾನಿಂಗ್ ಕೈಗೆ ಚೆಂಡು ಸಿಗದ ಹಾಗೆ ಮಾಡೋದೇ ಗೆಲುವಿನ ದಾರಿ ಆಗಿತ್ತು. ಅದಕ್ಕೆ ಎರಡು ಯಾರ್ಡ್ ಸಾಕಿತ್ತು. ಸೋತರು ಅಂದಮಾತ್ರಕ್ಕೆ ಯೋಚನೆ ತಪ್ಪಾಗುವುದಿಲ್ಲ.

ಈಗ ಫಾಲ್ಕನ್ಸ್ ವಿಷಯ. ಆ ವರ್ಷ 540 ಅಂಕ ಗಳಿಸಿದ ಲೀಗ್‌ನ ಅತ್ಯುತ್ತಮ ಅಫೆನ್ಸ್ ಅವರದು. ಆಟ ಹೇಳಿಕೊಡುತ್ತಿದ್ದವರು ಕೈಲ್ ಶಾನಹಾನ್, ಕ್ವಾರ್ಟರ್‌ಬ್ಯಾಕ್ ಮ್ಯಾಟ್ ರಯಾನ್. 28-3 ಆದಮೇಲೂ ನುಗ್ಗಿ ಆಡಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. 25 ಅಂಕ ಅಂದರೆ ಎದುರಾಳಿಗೆ ನಾಲ್ಕು ಸಲ ಚೆಂಡು ಬೇಕು, ಆಗ ಉಳಿದಿದ್ದದ್ದು 23 ನಿಮಿಷಕ್ಕೂ ಜಾಸ್ತಿ. ಅಷ್ಟು ಹೊತ್ತು ಬರೀ ಓಡಿ ಕಳೆಯಲು ಆಗುವುದಿಲ್ಲ. ನನ್ನ ತಕರಾರು ಇರೋದು ಎರಡೇ ಜಾಗದಲ್ಲಿ.

ಒಂದು, ನಾಲ್ಕನೇ ಕ್ವಾರ್ಟರ್‌ನಲ್ಲಿ 28-12 ಇದ್ದಾಗ. ಎಂಟೂವರೆ ನಿಮಿಷ ಬಾಕಿ, ಮೂರನೇ ಯತ್ನ, ಬೇಕಾದದ್ದು 1 ಯಾರ್ಡ್. ಪಾಸ್ ಹೇಳಿದರು. ಪಾಸ್‌ಗೆ ರಯಾನ್ ಹಿಂದೆ ಸರಿಯಬೇಕು, ಕಾಯಬೇಕು. ಅಷ್ಟರಲ್ಲಿ ಪೇಟ್ರಿಯಟ್ಸ್‌ನ ಡಾಂಟೆ ಹೈಟವರ್ ಅಂಚಿನಿಂದ ನುಗ್ಗಿದರು. ತಡೆಯಬೇಕಿದ್ದ ಡೆವೊಂಟಾ ಫ್ರೀಮನ್ ಕೈಯಲ್ಲಿ ಆಗಲಿಲ್ಲ. ಚೆಂಡು ಕೈಜಾರಿ ಪೇಟ್ರಿಯಟ್ಸ್ ಪಾಲಾಯಿತು. ಸ್ವಲ್ಪದರಲ್ಲೇ 28-20.

ಎರಡನೆಯದು ಇನ್ನೂ ಹೊಟ್ಟೆ ಉರಿಸುವಂಥದ್ದು. ಮುಂದಿನ ಸರದಿಯಲ್ಲಿ ಹೂಲಿಯೊ ಜೋನ್ಸ್ ಮೈದಾನದ ಅಂಚಿನಲ್ಲಿ ಕಾಲ್ತುದಿ ಊರಿ ಒಂದು ಅಸಾಧ್ಯ ಕ್ಯಾಚ್ ಹಿಡಿದರು. ಚೆಂಡು ಪೇಟ್ರಿಯಟ್ಸ್‌ನ 22 ಯಾರ್ಡ್ ಗೆರೆಗೆ ಬಂತು. ಐದು ನಿಮಿಷವೂ ಉಳಿದಿರಲಿಲ್ಲ. ಅಲ್ಲಿಂದ ಒದ್ದರೆ ಸುಮಾರು 40 ಯಾರ್ಡ್ ಫೀಲ್ಡ್ ಗೋಲ್. ಮ್ಯಾಟ್ ಬ್ರಯಾಂಟ್‌ನಂಥ ನುರಿತ ಕಿಕ್ಕರ್‌ಗೆ ಅದು ದಿನನಿತ್ಯದ ಕೆಲಸ. 3 ಅಂಕ ಸೇರಿದ್ದರೆ ಮುನ್ನಡೆ 11. ಅಂದರೆ ಎದುರಾಳಿಗೆ ಮತ್ತೆ ಎರಡು ಸಲ ಚೆಂಡು ಬೇಕು, ಮತ್ತು ಸಮಯ ಇಲ್ಲ. ಮೂರು ಸಲ ಓಡಿ, ಟೈಮ್‌ಔಟ್ ಖರ್ಚು ಮಾಡಿಸಿ, ಒದ್ದಿದ್ದರೆ ಸಾಕಿತ್ತು. ಒಂದು ಸಲ ಓಡಿದರು, 1 ಯಾರ್ಡ್ ಹಿಂದೆ. ಆಮೇಲೆ ಪಾಸ್‌ಗೆ ಹೋದರು, ಟ್ರೇ ಫ್ಲವರ್ಸ್ ರಯಾನ್‌ರನ್ನು 12 ಯಾರ್ಡ್ ಹಿಂದೆ ಕೆಡವಿದರು. ಅದರ ಮೇಲೆ ಹಿಡಿದೆಳೆದ ತಪ್ಪಿಗೆ 10 ಯಾರ್ಡ್ ದಂಡ. ಫೀಲ್ಡ್ ಗೋಲ್ ದೂರ ಮೀರಿಹೋಯಿತು. ಕೈಯಲ್ಲಿದ್ದ 3 ಅಂಕ ಬಿಟ್ಟು ಚೆಂಡನ್ನು ಒದ್ದುಕೊಡಬೇಕಾಯಿತು.

ಪಂದ್ಯ ಮುಗಿದಾಗ ಪೇಟ್ರಿಯಟ್ಸ್ 93 ಸಲ ಆಟ ಆಡಿತ್ತು, ಫಾಲ್ಕನ್ಸ್ 46. ಡಿಫೆನ್ಸ್ ಯಾಕೆ ಸುಸ್ತಾಗಿತ್ತು ಅನ್ನೋದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ, ಅಲ್ವಾ?

ಆ ಕಾಲಕ್ಕೆ ಒಟ್ಟಾರೆ ಲೀಗ್‌ನಲ್ಲಿ ಬಿಲ್ಸ್‌ನ 32 ಅಂಕದ ದಾಖಲೆ ಹಾಗೇ ಇತ್ತು. ಅದು ಮುರಿದದ್ದು 2022ರ ಡಿಸೆಂಬರ್ 17ರಂದು. ಮಿನಿಯಾಪೊಲಿಸ್‌ನಲ್ಲಿ ಕೋಲ್ಟ್ಸ್ ಅರ್ಧ ಆಟಕ್ಕೆ 33-0 ಮುಂದಿದ್ದು ವೈಕಿಂಗ್ಸ್ ಎದುರು 39-36ರಿಂದ ಸೋತಿತು. ಮುಖ್ಯ ಓಟಗಾರ ಜೊನಾಥನ್ ಟೇಲರ್ ಪಂದ್ಯದ ಶುರುವಿನಲ್ಲೇ ಗಾಯಗೊಂಡು ಹೊರಗೆ ಹೋಗಿದ್ದರು. ಕೊನೆಯಲ್ಲಿ 36-28 ಇದ್ದಾಗ ನಾಲ್ಕನೇ ಯತ್ನ, ಮತ್ತದೇ 1 ಯಾರ್ಡ್. ಈ ಸಲ ಓಟವನ್ನೇ ಆರಿಸಿದರು, ಕ್ವಾರ್ಟರ್‌ಬ್ಯಾಕ್ ತಾನೇ ನುಗ್ಗಿದರು, ಸಿಗಲಿಲ್ಲ. ಹಿಂದೆಯೇ ವೈಕಿಂಗ್ಸ್‌ನ ಡಾಲ್ವಿನ್ ಕುಕ್ ಸಣ್ಣ ಪಾಸ್ ಹಿಡಿದು 64 ಯಾರ್ಡ್‌ನ ಟಚ್‌ಡೌನ್ ಮಾಡಿದರು.

ಫಿಲಡೆಲ್ಫಿಯಾ ಈಗಲ್ಸ್ ಈ ಒಂದು ಯಾರ್ಡ್ ಪ್ರಶ್ನೆಯನ್ನೇ ಹಿಡಿದು ಕೂತಿತು. ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ಚೆಂಡು ಹಿಡಿದು ನೇರ ಮುಂದಕ್ಕೆ ನುಗ್ಗುತ್ತಾರೆ, ಹಿಂದಿನಿಂದ ಜೊತೆಯವರು ತಳ್ಳುತ್ತಾರೆ. ಇದೇ ‘ಟಷ್ ಪುಶ್’. 1 ಯಾರ್ಡ್ ಬೇಕಾದಾಗ ಅವರಿಗೆ ಇದು ಹೆಚ್ಚುಕಮ್ಮಿ ಖಚಿತವಾಗಿತ್ತು. ಮುನ್ನಡೆಯಲ್ಲಿರುವ ತಂಡಕ್ಕೆ ಇದಕ್ಕಿಂತ ದೊಡ್ಡ ವರ ಇಲ್ಲ. ಚೆಂಡು ಕೈಯಲ್ಲೇ ಇರುತ್ತದೆ, ಗಡಿಯಾರ ನಿಲ್ಲುವುದಿಲ್ಲ, ಪಾಸ್‌ನ ಗೊಡವೆ ಇಲ್ಲ. 2025ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಇದೇ ಈಗಲ್ಸ್ ಕನ್ಸಾಸ್ ಸಿಟಿ ಎದುರು ಅರ್ಧಕ್ಕೆ 24-0 ಮುಂದಿತ್ತು. ಅಲ್ಲಿಗೇ ಬಾಗಿಲು ಹಾಕಿಕೊಳ್ಳಲಿಲ್ಲ. 27-0 ಆದಮೇಲೂ ಹರ್ಟ್ಸ್ 46 ಯಾರ್ಡ್ ದೂರದ ಟಚ್‌ಡೌನ್ ಪಾಸ್ ಎಸೆದು 34-0 ಮಾಡಿದರು. ಎದುರಾಳಿ ಕೊನೆಯಲ್ಲಿ 22 ಅಂಕ ಗಳಿಸಿದರೂ ಗೆಲುವಿಗೆ ಏನೂ ಆಗಲಿಲ್ಲ, 40-22.

ಟಷ್ ಪುಶ್ ನಿಷೇಧಿಸಬೇಕು ಅಂತ ಆ ವರ್ಷವೇ ಪ್ರಸ್ತಾಪ ಇಟ್ಟದ್ದು ಗ್ರೀನ್ ಬೇ ಪ್ಯಾಕರ್ಸ್. ಮೇ ತಿಂಗಳಲ್ಲಿ ತಂಡಗಳ ಮಾಲೀಕರು ಮತ ಹಾಕಿದರು. ನಿಷೇಧಕ್ಕೆ 32ರಲ್ಲಿ 24 ಮತ ಬೇಕಿತ್ತು, ಬಿದ್ದದ್ದು 22.