ಇಡೀ ಕ್ಲಾಸಿನ ಎದುರು ಬೇಡ

ತರಗತಿಯ ಗಲಾಟೆ ಬಗ್ಗೆ ಸಲಹೆ ಕೇಳಲು ಬರುವ ಶಿಕ್ಷಕರ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಎಷ್ಟು ಬೈದರೂ ಬಗ್ಗಲ್ಲ, ಇನ್ನೇನು ಶಿಕ್ಷೆ ಕೊಡಲಿ?" ನಾನು ಶಿಕ್ಷೆಯ ವಿಷಯಕ್ಕೇ ಹೋಗುವುದಿಲ್ಲ. ಎಲ್ಲಿ ನಿಂತು ಬೈದಿರಿ ಅಂತ ಕೇಳುತ್ತೇನೆ. ಬೋರ್ಡಿನ ಹತ್ತಿರ ನಿಂತು, ಎಲ್ಲರಿಗೂ ಕೇಳುವ ಹಾಗೆ ಬೈದಿರುತ್ತಾರೆ. ನಾನು ಎಷ್ಟು ಸಲ ಹೇಳಿದರೂ ಹೀಗೆ ಬೈಯುವುದು ನಿಲ್ಲುತ್ತಿಲ್ಲ.

ಹೈಸ್ಕೂಲ್ ವಯಸ್ಸಿನಲ್ಲಿ ಗೆಳೆಯರು ನೋಡುತ್ತಿದ್ದಾರೆ ಅನ್ನುವುದೇ ದೊಡ್ಡ ಒತ್ತಡ. 2005ರಲ್ಲಿ ಗಾರ್ಡನರ್ ಮತ್ತು ಸ್ಟೈನ್‌ಬರ್ಗ್ ಎಂಬ ಸಂಶೋಧಕರು ಇದನ್ನು ಕಂಪ್ಯೂಟರಿನ ಕಾರಿನ ಆಟವೊಂದರಲ್ಲಿ ಪರೀಕ್ಷಿಸಿದರು. 13ರಿಂದ 16 ವರ್ಷದವರು ಒಬ್ಬರೇ ಆಡಿದಾಗಿನದಕ್ಕಿಂತ ಗೆಳೆಯರ ಎದುರು ಆಡಿದಾಗ ಜಾಸ್ತಿ ಅಪಾಯಕ್ಕೆ ಕೈಹಾಕಿದರು. 24 ದಾಟಿದವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಆಟದಲ್ಲಿ ಕಂಡದ್ದೆಲ್ಲ ತರಗತಿಗೆ ಹಾಗೇ ಹೊಂದುತ್ತದೆ ಅಂತ ನಾನು ಹೇಳಲಾರೆ. ಆದರೆ ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡುವಾಗ ನನಗೆ ಕಾಣುವುದೂ ಇದೇ.

ಒಂಬತ್ತನೇ ತರಗತಿಯ ಹುಡುಗನೊಬ್ಬ ಡೆಸ್ಕಿನ ಮೇಲೆ ಪೆನ್ನು ಬಡಿಯುತ್ತಿದ್ದ. ಮೇಷ್ಟ್ರು ಪಾಠ ನಿಲ್ಲಿಸಿ, "ಏಯ್, ಪೆನ್ನು ಕೆಳಗಿಡು" ಅಂದರು. ಇಟ್ಟ. ಆಮೇಲೆ ಒಂದೇ ಬೆರಳಿನಲ್ಲಿ ಅದನ್ನು ಡೆಸ್ಕಿನ ಅಂಚಿನವರೆಗೂ ಉರುಳಿಸಿದ. ಇಬ್ಬರು ಕಿಸಕ್ಕೆಂದರು. "ಎದ್ದು ನಿಲ್ಲು!" ಬೆಂಚು ಕಿರುಗುಟ್ಟಿಸುತ್ತಾ ನಿಧಾನವಾಗಿ ಎದ್ದ. "ಇಟ್ಟೆನಲ್ಲ ಸಾರ್." ಪಾಠ ಅಲ್ಲಿಗೇ ಮುಗಿಯಿತು.

ಅದೇ ಮೇಷ್ಟ್ರು ಪಾಠ ಮಾಡುತ್ತಲೇ ಅವನ ಬಳಿ ನಡೆದು ಹೋಗಬಹುದಿತ್ತು. ಬಗ್ಗಿ, ಅವನೊಬ್ಬನಿಗೇ ಕೇಳುವಂತೆ "ಪೆನ್ನು ಸಾಕು, ಮೂರನೇ ಲೆಕ್ಕ ಮಾಡು" ಅಂದು ಮುಂದೆ ಹೋಗಬಹುದಿತ್ತು.

ಈ "ಮುಂದೆ ಹೋಗುವುದು" ಯಾರ ತಲೆಗೂ ಇಳಿಯುತ್ತಿಲ್ಲ. ಮೆಲ್ಲಗೆ ಹೇಳುತ್ತಾರೆ, ಸರಿ. ಆಮೇಲೆ ಅಲ್ಲೇ ನಿಂತು, ಮಾಡುತ್ತಾನಾ ಅಂತ ದಿಟ್ಟಿಸುತ್ತಾರೆ. ನಿಂತರೆ ಎಲ್ಲರ ಕಣ್ಣೂ ಅಲ್ಲಿಗೇ ಬೀಳುತ್ತದೆ. ಮಾತು ಕೇಳಿದರೆ ಅವನು ಸೋತ ಹಾಗೆ. ನೀವು ಬೆನ್ನು ತಿರುಗಿಸಿ ಇನ್ನೊಬ್ಬಳ ನೋಟ್‌ಬುಕ್ ನೋಡಿ. ಅವನು ಗೊಣಗಬಹುದು, ಕಣ್ಣು ತಿರುಗಿಸಬಹುದು. ಗೊಣಗಲಿ. ಪೆನ್ನು ನಿಂತಿತಲ್ವಾ? ಅಷ್ಟು ಸಾಕು. ಅಲ್ಲಿಗೂ ನಿಲ್ಲದಿದ್ದರೆ ಬೆಲ್ಲಾದ ಮೇಲೆ ಅವನೊಬ್ಬನನ್ನೇ ಕರೆದು ಮಾತಾಡಿ.

ಹೊಡೆದಾಟ, ಇನ್ನೊಬ್ಬರನ್ನು ಹೀಯಾಳಿಸುವುದು ಇಂಥದಕ್ಕೆ ಈ ಮಾತು ಹೊಂದುವುದಿಲ್ಲ. ಅದನ್ನು ಆ ಕ್ಷಣವೇ, ಎಲ್ಲರ ಎದುರಿಗೇ ತಡೆಯಬೇಕು.

ಇನ್ನೊಂದು ವಿಷಯ ಗಮನಿಸಿ. ಕೆಲವು ಮಕ್ಕಳ ಗಲಾಟೆ, ಗಟ್ಟಿಯಾಗಿ ಓದುವ ಸರದಿ ತಮಗೆ ಬರುವ ಸ್ವಲ್ಪ ಮುಂಚೆ ಶುರುವಾಗುತ್ತದೆ. ಓದಲು ಬಾರದವನು ಅನ್ನಿಸಿಕೊಳ್ಳುವುದಕ್ಕಿಂತ ತುಂಟ ಅನ್ನಿಸಿಕೊಳ್ಳುವುದು ಅವರಿಗೆ ಎಷ್ಟೋ ಮೇಲು. ಅಂಥ ಮಗುವಿಗೆ ಓದಬೇಕಾದ ನಾಲ್ಕು ಸಾಲನ್ನು ಹಿಂದಿನ ದಿನವೇ ತೋರಿಸಿ ಕಳಿಸಿ. ಮಾರನೇ ದಿನ ಗಲಾಟೆ ಕಡಿಮೆಯಾದರೆ ಅವನಿಗೆ ಬೇಕಿರುವುದು ಓದಿನ ಸಹಾಯ. ಅದನ್ನು ಅವತ್ತೇ ಶುರು ಮಾಡಿ.