ಸಿನಿಮಾ ‘ಸೆನ್ಸಾರ್‌ನಲ್ಲಿದೆ’ ಅಂದ್ರೆ ನಿಜಕ್ಕೂ ಎಲ್ಲಿದೆ?

ಓದುಗರ ಪ್ರಶ್ನೆ: ಒಂದು ‘ಎ’ ಸಿನಿಮಾಕ್ಕೆ ಎರಡು ವರ್ಷದಿಂದ ಕಾಯ್ತಿದ್ದೀನಿ. ಯಾರನ್ನು ಕೇಳಿದರೂ ‘ಸೆನ್ಸಾರ್‌ನಲ್ಲಿದೆ’ ಅಂತಾರೆ. ಸೆನ್ಸಾರ್‌ನವರು ಅಷ್ಟು ದಿನ ಇಟ್ಟುಕೊಳ್ಳಬಹುದಾ?

ಇಟ್ಟುಕೊಳ್ಳುವ ಹಾಗಿಲ್ಲ. 1983ರ ನಿಯಮದಲ್ಲಿ ಇಡೀ ಕೆಲಸಕ್ಕೆ ಇದ್ದದ್ದೇ 68 ದಿನ. 2024ರ ಹೊಸ ನಿಯಮ ಅದನ್ನೂ ಇಳಿಸಿತು. ಹಾಗಾದರೆ ನಿಮ್ಮ ಎರಡು ವರ್ಷ ಎಲ್ಲಿ ಹೋಯಿತು? ನಾನು ಕಂಡ ಹಾಗೆ, ಅರ್ಜಿ ಹಾಕುವ ಮೊದಲು, ಇಲ್ಲವೇ ಕಟ್ಸ್ ಪಟ್ಟಿ, ಅಂದರೆ ಏನೇನು ಕತ್ತರಿಸಬೇಕು ಅನ್ನೋ ಪಟ್ಟಿ, ಕೈಗೆ ಬಂದ ಮೇಲೆ.

ನನ್ನ ಗೆಳೆಯನೊಬ್ಬ ಸಹ ನಿರ್ದೇಶಕ. ಗಾಂಧಿನಗರದ ಒಂದು ಸಣ್ಣ ರೂಮಿನಲ್ಲಿ ಮೂರು ರಾತ್ರಿ ಕೂತು ಸೆನ್ಸಾರ್ ಸ್ಕ್ರಿಪ್ಟ್ ಬರೆದ. ತೆರೆಯ ಮೇಲೆ ಕೇಳುವ ಪ್ರತಿ ಮಾತು, ಪ್ರತಿ ಹಾಡಿನ ಸಾಲು ಅದರಲ್ಲಿರಬೇಕು. ವಿಲನ್ ‘ಹ್ಞೂಂ’ ಅಂದರೂ ಬರೆದುಕೊಂಡ. ಆಮೇಲೆ ಆ ಫೈಲು ಒಂದು ವರ್ಷಕ್ಕೂ ಜಾಸ್ತಿ ಕಪಾಟಿನಲ್ಲೇ ಇತ್ತು. ನಿರ್ಮಾಪಕರು ಸೌಂಡ್ ಮಿಕ್ಸಿಂಗ್‌ನ ಬಾಕಿ ಕಟ್ಟಿರಲಿಲ್ಲ, ಅಷ್ಟೇ. ಟೀ ಅಂಗಡಿಯಲ್ಲಿ ಯಾರಾದರೂ ‘ಸೆನ್ಸಾರ್ ಆಯ್ತಾ?’ ಅಂದರೆ ಇವನು ‘ನಡೀತಿದೆ’ ಅನ್ನುತ್ತಿದ್ದ. ದುಡ್ಡಿಲ್ಲ ಅನ್ನೋದಕ್ಕಿಂತ ಅದು ಸುಲಭ ಅಲ್ವಾ?

ಇನ್ನು ಅರ್ಜಿ ಹಾಕಿದ ಮೇಲಿನ ಕಥೆ. ಸೆನ್ಸಾರ್ ಮಂಡಳಿಯ ಮುಖ್ಯ ಕಚೇರಿ ಮುಂಬೈನಲ್ಲಿದೆ. ಪ್ರಾದೇಶಿಕ ಕಚೇರಿಗಳು ಒಂಬತ್ತು. ನಮ್ಮದು ಕೋರಮಂಗಲದ ಕೇಂದ್ರೀಯ ಸದನದಲ್ಲಿ. ಅರ್ಜಿ ಈಗ ಆನ್‌ಲೈನ್. ಒಬ್ಬ ಅಧಿಕಾರಿ, ಜೊತೆಗೆ ನಾಲ್ಕು ಜನ ಸದಸ್ಯರು ಕೂತು ಸಿನಿಮಾ ನೋಡುತ್ತಾರೆ. ಈ ಮಾತು ಮ್ಯೂಟ್ ಮಾಡಿ, ಆ ಶಾಟ್ ತೆಗೆಯಿರಿ ಅಂತ ಪಟ್ಟಿ ಬರುತ್ತದೆ. ‘ಎ’ ಕೊಡುವಾಗಲೂ ಕಟ್ಸ್ ಹೇಳಬಹುದು. ದೊಡ್ಡವರಿಗೆ ಮಾತ್ರ ಅಂತ ಹೇಳಿ ಮತ್ತೆ ಕತ್ತರಿ ಯಾಕೆ ಅನ್ನೋದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಜಗ್ಗಾಟ ಶುರುವಾಗೋದು ಇಲ್ಲಿ. ‘ಎ’ ಸಿನಿಮಾವನ್ನು ಹಾಗೇ ಟಿವಿಯಲ್ಲಿ ಹಾಕುವಂತಿಲ್ಲ. ಕತ್ತರಿಸಿ, ಬೇರೆ ಸರ್ಟಿಫಿಕೇಟ್ ತಗೋಬೇಕು. ಟಿವಿ ಹಕ್ಕಿನ ದುಡ್ಡು ನೆಚ್ಚಿಕೊಂಡ ನಿರ್ಮಾಪಕರಿಗೆ ‘ಎ’ ಅಂದರೆ ಹೊಟ್ಟೆಗೆ ಬರೆ. ಹಾಗಾಗಿ ‘ಯು/ಎ’ (ದೊಡ್ಡವರ ಸಲಹೆಯ ಮೇಲೆ ಮಕ್ಕಳೂ ನೋಡಬಹುದು) ಕೊಡಿ ಅಂತ ಪಟ್ಟು ಹಿಡಿಯುತ್ತಾರೆ. ನಿರ್ದೇಶಕರು ಒಂದು ಶಾಟನ್ನೂ ಬಿಡೋದಿಲ್ಲ ಅಂತಾರೆ. ಒಪ್ಪಿಗೆಯಾಗದಿದ್ದರೆ ರಿವೈಸಿಂಗ್ ಕಮಿಟಿ, ಅಂದರೆ ಸಿನಿಮಾವನ್ನು ಮತ್ತೊಮ್ಮೆ ನೋಡುವ ಮಂಡಳಿಯದೇ ಸಮಿತಿ. ಅಲ್ಲೂ ಆಗದಿದ್ದರೆ ಮೊದಲು ದೆಹಲಿಯಲ್ಲಿ ಮೇಲ್ಮನವಿ ಕೇಳೋಕೆ ಒಂದು ಟ್ರಿಬ್ಯೂನಲ್ ಇತ್ತು. 2021ರಲ್ಲಿ ಅದನ್ನು ಮುಚ್ಚಿದರು. ಈಗ ನೇರ ಹೈಕೋರ್ಟ್. ವಕೀಲರ ಫೀಸು, ಮುಂದಿನ ತಾರೀಖು, ಮತ್ತೆ ಮುಂದಿನ ತಾರೀಖು. ಸಣ್ಣ ನಿರ್ಮಾಪಕರು ಅಲ್ಲೇ ಸುಸ್ತು. ಕೆಲವರು ಥಿಯೇಟರ್ ಆಸೆ ಬಿಟ್ಟು ಓಟಿಟಿ ಬಾಗಿಲು ತಟ್ಟುತ್ತಾರೆ. ಅಲ್ಲಿ ಈ ಸರ್ಟಿಫಿಕೇಟ್ ಬೇಕಿಲ್ಲ, ವಯಸ್ಸಿನ ಗುರುತನ್ನು ಅವರೇ ಹಾಕಿಕೊಳ್ಳುತ್ತಾರೆ.

ಮಂಡಳಿಯವರೇ ತಡೆದ ಉದಾಹರಣೆ ಇಲ್ಲ ಅಂತಲ್ಲ. ನಮ್ಮ ‘ಸಂಸ್ಕಾರ’ವನ್ನೇ ನೋಡಿ. ಮದ್ರಾಸಿನ ಸೆನ್ಸಾರ್ ಮಂಡಳಿ ಅದಕ್ಕೆ ತಡೆ ಹಾಕಿತ್ತು. ಜಾತಿಯ ವಿಷಯ ಗಲಾಟೆ ಎಬ್ಬಿಸುತ್ತೆ ಅನ್ನೋ ಭಯ ಅವರಿಗೆ. ಕೊನೆಗೆ ತಡೆ ತೆರವಾಯಿತು, 1970ರ ಅತ್ಯುತ್ತಮ ಚಿತ್ರ ರಾಷ್ಟ್ರಪ್ರಶಸ್ತಿಯೂ ಬಂತು.

ಹಳೆಯ ಸಿನಿಮಾ ನೋಡುವಾಗ ಶುರುವಿನ ಸರ್ಟಿಫಿಕೇಟಿನ ಕೆಳಗೆ, ಎಡ ಮೂಲೆಯಲ್ಲಿ ಕಣ್ಣಿಡಿ. ಅಲ್ಲೊಂದು ತ್ರಿಕೋನ ಇದ್ದರೆ ಕತ್ತರಿ ಬಿದ್ದಿದೆ ಅಂತ ಅರ್ಥ. ಸೀಟು ಹುಡುಕೋ ಗಡಿಬಿಡಿಯಲ್ಲಿ ಯಾರೂ ಅದನ್ನು ನೋಡೋದೇ ಇಲ್ಲ.

ಗೆಳೆಯನ ಸಿನಿಮಾ ಕೊನೆಗೂ ಕೋರಮಂಗಲಕ್ಕೆ ಹೋಯಿತು. ‘ಎ’ ಸಿಕ್ಕಿತು, ಮೂರು ಬೈಗುಳ ಮ್ಯೂಟ್ ಆದವು. ಒಂದಂತೂ ಅವನೇ ಬರೆದ ಬೈಗುಳ. ಅದಕ್ಕೇ ಜಾಸ್ತಿ ಬೇಜಾರು ಅವನಿಗೆ.

ನೀವು ಕಾಯುತ್ತಿರುವ ಸಿನಿಮಾದ ಹೆಸರನ್ನು ಮಂಡಳಿಯ ವೆಬ್‌ಸೈಟ್‌ನಲ್ಲಿ ಹುಡುಕಿ. ಅಲ್ಲಿ ಸರ್ಟಿಫಿಕೇಟ್ ಸಿಕ್ಕ ಸಿನಿಮಾಗಳಲ್ಲಿ ಅದರ ಹೆಸರಿದ್ದರೆ ಸೆನ್ಸಾರ್‌ನವರನ್ನು ಬೈಯೋದು ಬಿಡಿ. ಥಿಯೇಟರ್ ಸಿಕ್ಕಿಲ್ವಾ ಅಂತ ನಿರ್ಮಾಪಕರನ್ನು ಕೇಳಿ.